ಬಾಯಿ ನಿಲ್ಲದ ಚಾಪೆ

ಹರಿತಾ ಫೋನ್ ಮಾಡಿದಾಗ ನಾನು ಹಿತ್ತಲಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಕಲಸುತ್ತಿದ್ದೆ. ಮೊಣಕೈವರೆಗೂ ಖಾರದ ಪುಡಿ. ಎದುರುಮನೆಯ ಹೇಮಾವತಿ ಓಡಿ ಬಂದು ಫೋನನ್ನು ನನ್ನ ಕಿವಿಗೆ ಹಿಡಿದಳು. ಕೈ ಬದಲಾಯಿಸುತ್ತ ಹಾಗೇ ನಿಂತಳು, ಪಾಪ.

"ಅಜ್ಜಿ, ಆ ಗಂಟೆ ಇನ್ನೂ ನಿಮ್ಮೂರಾಗೇ ಐತಾ?"

"ಐತೆ ಕಣಮ್ಮ. ಸಂಘದ ಮನೆ ತೊಲೇಲಿ ನೇತಾಡ್ತಾ ಐತೆ. ಯಾಕೆ?"

"ಗೆದ್ಕೊಂಡು ಹೋಗಕ್ಕೆ ಬತ್ತೀವಿ. ಹೇಳ್ಬುಡಿ ನಿಮ್ಮೋರಿಗೆ!"

ಎಪ್ಪತ್ತು ದಾಟಿದ ನಾನು, ಕೈಯಲ್ಲಿ ಖಾರವಿದೆ ಎನ್ನುವುದನ್ನೂ ಮರೆತು ಕಣ್ಣು ಒರೆಸಿಕೊಳ್ಳಲು ಹೋದೆ. ಹೇಮಾವತಿ ಫೋನು ಬಿಟ್ಟು ನನ್ನ ಮಣಿಕಟ್ಟು ಹಿಡಿದುಕೊಂಡಳು. ಫೋನು ಉಪ್ಪಿನಕಾಯಿಗೆ ಬಿತ್ತು.

ಹರಿತಾ ನನ್ನ ತವರೂರಿನ ಹುಡುಗಿ, ನನ್ನ ಗೆಳತಿ ಪಂಪಮ್ಮನ ಮೊಮ್ಮಗಳು. ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋಗಿಬಂದು ಡಿಗ್ರಿ ಓದುತ್ತಿದ್ದಾಳೆ. ತವರೂರು ಹುಣಿಸೆಹಟ್ಟಿ ಇರುವುದು ಬ್ರಹ್ಮಸಮುದ್ರದ ಕಡೆ. ನಾನು ಮದುವೆಯಾಗಿ ಬಂದ ಕೋಟೆಪಾಳ್ಯ ಹಿಂದೂಪುರಕ್ಕೆ ಹತ್ತಿರ, ಆಟೋದವನು ಒಂದು ಹಾಡು ಹಾಕಿ ಇನ್ನೊಂದು ಹಾಕುವಷ್ಟರಲ್ಲಿ ಪೇಟೆ ಬಂದುಬಿಡುತ್ತದೆ. ಎರಡೂ ಊರುಗಳಲ್ಲಿ ಯುವಜನ ಸಂಘಗಳಿವೆ. ಎರಡಕ್ಕೂ ಸೇರಿ ಒಂದೇ ಗಂಟೆ.

ಸಂಘದ ಸಂಗತಿ ಗೊತ್ತಿಲ್ಲದವರಿಗೆ ಈ ಗಂಟೆಯ ಗಲಾಟೆ ಅರ್ಥವಾಗದು. ಬಿತ್ತನೆಗೆ ಇಡುವ ಕಡ್ಲೆಕಾಯಿಯನ್ನು ಕೈಯಲ್ಲೇ ಸುಲಿಯಬೇಕು. ಬೀಜದ ಮೇಲಿನ ತೆಳ್ಳನೆಯ ಕೆಂಪು ಸಿಪ್ಪೆ ಹರಿದರೆ ಮೊಳಕೆಯನ್ನು ನಂಬುವಂತಿಲ್ಲ. ನಾನು ಹಿಂದೂಪುರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದ ದಿನಗಳಲ್ಲಿ, ಬೇಸಿಗೆ ರಜಕ್ಕೆ ಊರಿಗೆ ಹೋದರೆ ನಮ್ಮ ನಡುಮನೆಯಲ್ಲಿ ಕಾಯಿಯ ರಾಶಿ, ರಾಶಿಯ ಸುತ್ತ ಊರಿನ ಹುಡುಗಿಯರು. ಇವತ್ತು ಇವರ ಮನೆ, ನಾಳೆ ಅವರ ಮನೆ. ಒಂದು ತುಂಡು ಹೊಲ ಇದ್ದವರಿಗೂ ಅದೇ ಮುಯ್ಯಾಳು. ಸುಲಿಯುವವರು ಬಿತ್ತನೆಯನ್ನೇ ತಿಂದು ಮುಗಿಸದಿರಲಿ ಎಂದು ಒಂದು ಕಟ್ಟಳೆ ಇತ್ತು: ರಾಶಿಯ ಮುಂದೆ ಕೂತವರ ಬಾಯಿ ನಿಲ್ಲಬಾರದು. ಹಾಡು, ಒಗಟು, ಜಗಳ, ಏನಾದರೂ ನಡೆಯುತ್ತಿರಬೇಕು. ಸುಮ್ಮನಾದವರು ಬಾಯಿ ತೆರೆದು ತೋರಿಸಬೇಕು.

ಆ ಕಟ್ಟಳೆಯಿಂದಲೇ ಸಂಘ ಹುಟ್ಟಿತು. ಮಾತಾಡಲೇಬೇಕೆಂದ ಮೇಲೆ ಎಷ್ಟು ದಿನ ಅದೇ ಹಾಡು ಹಾಡುವುದು? ಹುಡುಗಿಯರು ಹಳೇ ಪೇಪರು ಓದಿಸಿಕೊಂಡು ಬಂದು ಸುದ್ದಿ ಹೇಳತೊಡಗಿದರು. ಆಮೇಲೆ ನಾಟಕದ ಮಾತು ಕಟ್ಟಿದರು. ಊರಿಗೊಂದು ಬಸ್ಸು ಬೇಕು, ಎಲ್ಲರೂ ಸೇರಿ ಕಲ್ಯಾಣದುರ್ಗದ ಡಿಪೋಗೆ ಹೋಗಿ ಕೇಳೋಣ ಎಂಬ ಮಾತು ಹುಟ್ಟಿದ್ದೂ ರಾಶಿಯ ಮುಂದೆಯೇ. ಕೇಳಿದರು, ಬಸ್ಸು ಬಂತು. ನಮ್ಮಪ್ಪ ಶಿವಯೋಗಪ್ಪ ಕಡ್ಲೆಕಾಯಿ ವ್ಯಾಪಾರದವರು, ಜಮೀನೂ ಇತ್ತು. ಅವರು ತಮ್ಮ ಎತ್ತಿನ ಕೊರಳಿನ ಕಂಚಿನ ಗಂಟೆ ಬಿಚ್ಚಿ ಸಂಘಕ್ಕೆ ಕೊಟ್ಟರು. ಅದನ್ನು ಬಾರಿಸಿದರೆ ಇವತ್ತು ಸುಲಿತ ಇದೆ, ಬನ್ನಿ ಎಂದು ಅರ್ಥ.

ನಾನು ಮದುವೆಯಾಗಿ ಬಂದ ವರ್ಷವೇ ಕೋಟೆಪಾಳ್ಯದಲ್ಲೂ ಇದೇ ಚಟ ಹತ್ತಿಸಿದೆ. ನನ್ನ ಅತ್ತೆ, "ನಮ್ಮ ಸೊಸೆ ಬಳುವಳಿಗೆ ಒಂದು ಸಂಘ ತಂದವ್ಳೆ" ಎಂದು ಹೇಳಿಕೊಂಡು ತಿರುಗಿದರು. ಎರಡು ಊರಿನ ಸಂಘಗಳೆಂದ ಮೇಲೆ ಪಂದ್ಯ ಬಾರದೇ ಇರುತ್ತದೆಯೇ? ಊರಿಗೊಂದು ಚಾಪೆ, ಚಾಪೆಗೆ ಮೂವರು, ಒಂದೇ ಅಳತೆಯ ರಾಶಿ. ಮೊದಲು ಸುಲಿದು ಮುಗಿಸಿದವರಿಗೆ ಗಂಟೆ. ಆದರೆ ಚಾಪೆಯ ಮಾತು ಒಂದು ಉಸಿರಿನಷ್ಟು ನಿಂತರೂ ತಟ್ಟೆ ಬಡಿಯುತ್ತಾರೆ, ಆ ಚಾಪೆ ಸೋತಂತೆ. ಬೀಜ ತಿಂದು ಸಿಕ್ಕಿಬಿದ್ದವನು ಆಮೇಲೆ ಬಾಯಿ ಬಿಡುವಂತಿಲ್ಲ, ಮೂಕನಾಗಿ ಸುಲಿಯಬೇಕು. ಅವನ ಪಾಲಿನ ಮಾತೂ ಉಳಿದವರದು. ತಟ್ಟೆ ಮಾತ್ರ ಯಾವಾಗಲೂ ನನ್ನ ಕೈಯಲ್ಲಿ. ನಾನು ಅಲ್ಲಿನ ಮಗಳು, ಇಲ್ಲಿನ ಸೊಸೆ, ಎರಡೂ ಊರಿನವರಿಗೆ ನನ್ನ ಮೇಲೆ ಅನುಮಾನವಿತ್ತು. ಅದೇ ನ್ಯಾಯ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಗಂಟೆ ಕೆಲವು ವರ್ಷ ಅಲ್ಲಿ, ಕೆಲವು ವರ್ಷ ಇಲ್ಲಿ. ಕೊನೆಯ ಸಲ ಕೋಟೆಪಾಳ್ಯ ಗೆದ್ದಿತು. ಆಮೇಲೆ ಸುಲಿಯುವ ಮಿಷನ್ ಬಂತು. ಕೋಟೆಪಾಳ್ಯದಲ್ಲಿ ಹೇಗೋ ಸಂಘ ಉಳಿಯಿತು, ಹುಡುಗ ಹುಡುಗಿಯರು ಸೇರಿ ನಾಟಕವಾಡುತ್ತಾರೆ, ಟ್ಯೂಷನ್ ಹೇಳುತ್ತಾರೆ. ಹುಣಿಸೆಹಟ್ಟಿಯಲ್ಲಿ ಮಾತ್ರ ಅದು ಹುಡುಗರ ಕ್ರಿಕೆಟ್ ಟೀಮಾಗಿ ನಿಂತಿತು. ಗಂಟೆ ತೂಗುತ್ತಿದ್ದ ಕೊಕ್ಕೆಗೆ ಈಗ ಬ್ಯಾಟಿನ ಚೀಲ ತಗುಲಿಹಾಕುತ್ತಾರೆ.

"ಸಂಘಕ್ಕೆ ನಮ್ಮನ್ನೂ ಸೇರಿಸ್ಕೊಳ್ಳಿ ಅಂತ ಕೇಳಿದ್ವಿ ಅಜ್ಜಿ," ಎಂದಳು ಹರಿತಾ. ಹೇಮಾವತಿ ತೊಳೆದು ಒರೆಸಿದ ಫೋನಿನಲ್ಲಿ ಅವಳ ದನಿ ಸ್ವಲ್ಪ ಗೊರಗೊರ ಎನ್ನುತ್ತಿತ್ತು. "ಸಾಯಂಕಾಲ ಕೂತ್ಕೊಂಡು ಓದಕ್ಕೆ ಊರಾಗೆ ಇನ್ನೊಂದು ಜಾಗ ಇಲ್ಲ. ನಿಮ್ಮ ನಟರಾಜ ಎಲ್ರ ಮುಂದೆ ನಕ್ಬುಟ್ಟ. ಹುಡ್ಗೀರು ಬಂದು ಏನ್ ಮಾಡ್ತೀರ, ಬಾಲ್ ಎತ್ಕೊಡ್ತೀರಾ ಅಂದ."

ನಟರಾಜ ನನ್ನ ಅಣ್ಣನ ಮೊಮ್ಮಗ. ಕಲ್ಯಾಣದುರ್ಗಕ್ಕೆ ಜೀಪ್ ಓಡಿಸುತ್ತಾನೆ, ಸಂಘದ ಕಾರ್ಯದರ್ಶಿ. ಕೆಟ್ಟವನಲ್ಲ. ಮುದುಕರು ಹತ್ತಿದರೆ ಇಳಿದು ಬಂದು ಬಾಗಿಲು ಹಾಕುತ್ತಾನೆ. ನಾಲಗೆ ಮಾತ್ರ ಬ್ರೇಕಿಲ್ಲದ್ದು.

"ನೀನೇನಂದೆ?"

"ನಿಮ್ಮ ಕೈಲಿ ಆಗ್ದೇ ಇರೋದು ಮಾಡ್ತೀವಿ, ಕಳ್ಕೊಂಡಿರೋ ಗಂಟೆ ತತ್ತೀವಿ ಅಂದೆ. ಗಂಟೆ ತಂದ್ರೆ ಸಂಘದ ಬೀಗದ ಕೈನೇ ನಿನ್ ಕೈಗೆ ಕೊಡ್ತೀನಿ, ತರ್ದಿದ್ರೆ ಇನ್ನೊಂದ್ ಸಲ ಈ ಮಾತು ಎತ್ತಂಗಿಲ್ಲ ಅಂದ. ಒಪ್ಕೊಂಡೆ."

"ಸುಲಿಯೋಕೆ ಬತ್ತದಾ?"

"ಕಲೀತಾ ಇದೀವಿ ಅಜ್ಜಿ. ಹೆಬ್ಬೆಟ್ಟೆಲ್ಲ ಬೊಬ್ಬೆ."

ಅಂದು ಸಂಜೆಯೇ ಕೋಟೆಪಾಳ್ಯದ ಸಂಘದ ಮನೆಯಲ್ಲಿ ಸುದ್ದಿ ಹೇಳಿದೆ. ನನ್ನ ಮೈದುನನ ಮಗ ಕೇಶವ ಈಗ ಅಧ್ಯಕ್ಷ, ರೇಷ್ಮೆಗೂಡು ಬೆಳೆಯುತ್ತಾನೆ. ಕುರ್ಚಿಯಿಂದ ಎದ್ದೇ ಬಿಟ್ಟ. ಪಕ್ಕದಲ್ಲಿ ರಘುನಾಥ, ಹಿಂದೂಪುರದಿಂದ ಮಡಕಶಿರಕ್ಕೆ ಹೋಗುವ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಅವನ ಬಾಯಿ ನಿಂತದ್ದನ್ನು ಅವನ ತಾಯಿಯೂ ನೋಡಿಲ್ಲ.

"ರಾನೀ, ರಾನೀ!" ಎಂದು ತೆಲುಗಿನಲ್ಲಿ ಕೈ ತಟ್ಟಿದ ರಘುನಾಥ. ಬರಲಿ ಬಿಡು ಎಂದು. "ನಾನು ಬರೀ ಸ್ಟಾಪುಗಳ ಹೆಸ್ರು ಕೂಗಿದ್ರೆ ಸಾಕು, ರಾಶಿ ಮುಗೀತದೆ."

"ದೊಡ್ಡಮ್ಮ, ಒಂದ್ ಮಾತು," ಎಂದ ಕೇಶವ. "ತಟ್ಟೆ ನಿಮ್ಮ ಕೈಲೇ. ಆದ್ರೆ ತವರುಮನೆಯೋರು ಅಂತ ಫೋನಾಗೆ ಪಾಠ ಹೇಳ್ಕೊಡಂಗಿಲ್ಲ."

"ನಿಂಗೂ ಹೇಳ್ಕೊಡಲ್ಲ ಕಣಪ್ಪ, ಹೋಗು," ಎಂದೆ. ಅವತ್ತಿನಿಂದ ಹರಿತಾ ಎಷ್ಟು ಸಲ ಫೋನ್ ಮಾಡಿದರೂ ಊಟ ಆಯ್ತಾ, ಮಳೆ ಬಂತಾ, ಇಷ್ಟೇ ಮಾತು. ನಾಲಗೆ ಕಚ್ಚಿ ಕಚ್ಚಿ ನೋವಾಯಿತು.

ಪಂದ್ಯದ ದಿನ ಭಾನುವಾರ. ಎರಡು ಮಳೆ ಬಿದ್ದು ನೆಲ ಹದವಾಗಿತ್ತು, ಬಿತ್ತನೆಗೆ ಎಲ್ಲರ ಕೈ ತುರಿಸುತ್ತಿತ್ತು. ಹುಣಿಸೆಹಟ್ಟಿಯ ಜೀಪು ಪಾವಗಡ, ಮಡಕಶಿರ ದಾಟಿ ಬರುವ ಹೊತ್ತಿಗೆ ಸಂಘದ ಅಂಗಳದ ಹೊಂಗೆಮರಗಳ ಕೆಳಗೆ ಜಾತ್ರೆಯ ಹಾಗೆ ಜನ. ಜೀಪಿನಿಂದ ಮೊದಲು ಇಳಿದವಳು ಪಂಪಮ್ಮ. ಕೂದಲು ಪೂರಾ ಬೆಳ್ಳಗೆ, ನಡಿಗೆ ಮಾತ್ರ ಹಳೆಯದೇ, ಯಾರನ್ನೋ ಹಿಡಿಯಲು ಹೋಗುವವಳ ಹಾಗೆ.

"ಮಂಗಳಕ್ಕಾ! ಇನ್ನೂ ಬದ್ಕಿದ್ದೀಯಾ?"

"ನಿನ್ನ ಬಾಯಿ ಕೇಳ್ದೆ ಹೆಂಗೆ ಸಾಯ್ಲೇ?"

ಅವಳ ಹಿಂದೆ ಹರಿತಾ ಇಳಿದಳು, ಅವಳ ಗೆಳತಿ ಶಿರೀಷಾ ಇಳಿದಳು. ಮೂರನೆಯವಳಿಲ್ಲ. ಕಲ್ಯಾಣಿಗೆ ಬೆಳಗಿನ ಜಾವ ಜ್ವರ ಬಂದು ಅವರಮ್ಮ ಕಳಿಸಲಿಲ್ಲವಂತೆ. ಹರಿತಾಳ ಮುಖ ಸುಣ್ಣದ ಹಾಗಾಗಿತ್ತು. ಚಾಪೆಗೆ ಮೂವರಿರಲೇಬೇಕು. ಬಂದವರಲ್ಲಿ ಉಳಿದವರೆಲ್ಲ ಪಂಪಮ್ಮನ ವಯಸ್ಸಿನವರು. ಚಾಪೆಗೆ ಸಂಘದ ವಯಸ್ಸಿನವರು ಮಾತ್ರ ಕೂರಬಹುದು.

ಎಲ್ಲರ ಕಣ್ಣೂ ಒಂದೇ ಸಲ ಡ್ರೈವರ್ ಸೀಟಿನ ಕಡೆ ತಿರುಗಿತು. ನಟರಾಜ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ.

"ನಾನಾ? ನಾನು ಜೀಪ್ ಓಡ್ಸಕ್ಕೆ ಬಂದಿರೋನು!"

"ಕೂತ್ಕೊಳ್ಲಾ," ಎಂದಳು ಪಂಪಮ್ಮ. "ನಿಮ್ ಸಂಘದ್ದೇ ಗಂಟೆ ಅಲ್ವೇನ್ಲಾ? ಇಲ್ಲಾ ಹೆದ್ರಿಕೇನಾ?"

ಕೋಟೆಪಾಳ್ಯದ ಹುಡುಗರು ಶಿಳ್ಳೆ ಹೊಡೆದರು. ಅಷ್ಟು ಜನರ ಎದುರು ನಟರಾಜನಿಗೆ ಬೇರೆ ದಾರಿಯಿರಲಿಲ್ಲ. ಬಾಚಣಿಗೆ ಜೇಬಿಗೆ ಸೇರಿಸಿ, ಚಪ್ಪಲಿ ಬಿಟ್ಟು ಬಂದು ಹರಿತಾಳ ಪಕ್ಕದಲ್ಲಿ ಕೂತ. ಅವನು ಕೂತದ್ದರಲ್ಲಿ ಗೆಲ್ಲುವ ಆಸೆಯೂ ಇರಲಿಲ್ಲ, ಸೋಲುವ ಆಸೆಯೂ ಇರಲಿಲ್ಲ. ಹರಿತಾ ಅವನ ಕಡೆ ನೋಡದೆ ಕಾಯಿಯ ರಾಶಿಯನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾದ ಸಂಘದ ಬಾಗಿಲು ತೆರೆಯುವುದು ಈಗ ಅರ್ಧ ಅದನ್ನು ಮುಚ್ಚಿದವನ ಕೈಯಲ್ಲೇ ಇತ್ತು.

ಕೋಟೆಪಾಳ್ಯದ ಚಾಪೆಯಲ್ಲಿ ಕೇಶವ, ರಘುನಾಥ, ಹೇಮಾವತಿ. ಕೇಶವ ನೆರಳಿನ ಕಡೆಯ ಚಾಪೆಯನ್ನು ಬಂದವರಿಗೆ ಬಿಟ್ಟುಕೊಟ್ಟು ತಾನು ಬಿಸಿಲಿನ ಕಡೆ ಕೂತದ್ದನ್ನು ನಾನು ನೋಡಿದೆ. ಹೇಮಾವತಿ ಹರಿತಾಳ ಹೆಬ್ಬೆರಳಿನ ಬೊಬ್ಬೆ ನೋಡಿ, ತನ್ನ ಬೆರಳಿಗೆ ಸುತ್ತಿಕೊಳ್ಳಲು ತಂದಿದ್ದ ಬಟ್ಟೆಯ ಪಟ್ಟಿಯನ್ನು ಹರಿದು ಅರ್ಧ ಕೊಟ್ಟಳು. ಹೀಗೆ ಇದ್ದರೆ ಪಂದ್ಯವೆಲ್ಲಿ ನಡೆಯುತ್ತದೆ ಎಂದು ನನಗೇ ದಿಗಿಲಾಯಿತು.

ತಟ್ಟೆ ಬಡಿದೆ.

ಅಯ್ಯಪ್ಪಾ, ಆ ಗದ್ದಲ! ಪಟಪಟ ಕಾಯಿ ಒಡೆಯುವ ಸದ್ದು, ಅದರ ಮೇಲೆ ರಘುನಾಥನ ಗಂಟಲು. "ಮಡಕಶಿರಾ ಮಡಕಶಿರಾ, ಯಾರಮ್ಮಾ ಇಳಿಯೋರು, ಮುಂದಕ್ಕೆ ಜರುಗಿ, ಆ ಮೇಕೆ ಯಾರ್ದು, ಮೇಕೆಗೂ ಟಿಕೆಟ್ ತಗೋಳ್ಳಮ್ಮಾ!" ಜನ ಬಿದ್ದು ಬಿದ್ದು ನಕ್ಕರು. ಅವನ ಉಸಿರು ಸೋತ ಕೂಡಲೇ ಹೇಮಾವತಿ ಸೋಬಾನೆ ಹಾಡು ಎತ್ತಿದಳು, ಅದು ಇಳಿಯುವಾಗ ಕೇಶವ ರೇಷ್ಮೆಹುಳ ಜ್ವರ ಬಂದು ಆಸ್ಪತ್ರೆಗೆ ಹೋದ ಕತೆ ಕಟ್ಟಿದ. ಎದುರು ಚಾಪೆಯ ಮಾತಿಗೆ ಕಿವಿ ಕೊಡಬೇಡಿ, ನಿಮ್ಮ ಮಾತನ್ನೇ ಕೇಳಿಸಿಕೊಳ್ಳಿ ಎಂದು ಹಿಂದೆ ನಾವೆಲ್ಲ ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಈ ಮೂವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹುಣಿಸೆಹಟ್ಟಿಯ ಚಾಪೆಯಲ್ಲಿ ಶಿರೀಷಾ ಒಗಟು ಕೇಳಿದಳು, ಹರಿತಾ ಬಿಡಿಸಿದಳು. ಒಗಟು ಮುಗಿದ ಮೇಲೆ ಶಿರೀಷಾ ತೆಲುಗು ಪದ್ಯಗಳನ್ನು ಹೇಳಿದಳು. ಜೀಪಿನ ಧೂಳು ಕುಡಿದ ಅವಳ ಗಂಟಲು ಪದ್ಯದಿಂದ ಪದ್ಯಕ್ಕೆ ಸಣ್ಣದಾಗುತ್ತ ಹೋಯಿತು. ನಟರಾಜ ಆಡಿದ್ದು ಕ್ರಿಕೆಟ್. "ಬೌಲರ್ ಓಡಿ ಬಂದ, ಹಾಕ್ದ, ಹೊಡ್ದ, ಬಾಲು ಬೇಲಿ ದಾಟ್ತು..." ಕೈ ಮಾತ್ರ ಚುರುಕಾಗಿತ್ತು. ಚಿಕ್ಕವನಿದ್ದಾಗ ಸುಲಿದ ಬೆರಳುಗಳು ಮರೆತಿರಲಿಲ್ಲ. ಸುಲಿಯಲು ಉಳಿದಿದ್ದ ಅವರ ರಾಶಿ ಕೋಟೆಪಾಳ್ಯದ ರಾಶಿಗಿಂತ ಒಂದು ಮೊರದಷ್ಟು ಕಡಿಮೆಯೇ ಇತ್ತು. ನನಗೆ ಕೂರಲಾಗಲಿಲ್ಲ. ತಟ್ಟೆ, ಸೌಟು ಹಿಡಿದು ಎದ್ದು ನಿಂತೆ.

ಅಷ್ಟರಲ್ಲಿ ನಟರಾಜನ ಬಾಲು ಗಾಳಿಯಲ್ಲೇ ನಿಂತಿತು. ಹೊಡೆದ, ಮೇಲಕ್ಕೆ ಹೋಯಿತು, ಕೆಳಕ್ಕೆ ಬರಲಿಲ್ಲ. ಹರಿತಾ ತಕ್ಷಣ ಮಾತು ಎತ್ತಿಕೊಂಡಳು. ಆದರೆ ರಘುನಾಥನ ಕಣ್ಣು ಗಿಡುಗನದು.

"ದೊಡ್ಡಮ್ಮಾ, ಅವ್ನ ದವಡೆ ಆಡ್ತಾ ಐತೆ! ಬಾಯಿ ನೋಡ್ರಿ, ಬಾಯಿ!"

ನಾನು ಹತ್ತಿರ ಹೋದೆ. "'ಆ' ಅನ್ನಪ್ಪ."

ನಟರಾಜ ಬಾಯಿ ತೆರೆದ. ನಾಲಗೆಯ ಮೇಲೆ ಅರ್ಧ ಜಗಿದ ಕಡ್ಲೆಬೀಜ.

ಅಂಗಳವೆಲ್ಲ ಹೋ ಎಂದಿತು. ಅವನಿಗೇ ಗೊತ್ತಿರಲಿಲ್ಲ, ಪಾಪ. ಜೀಪಿನಲ್ಲಿ ಸ್ಟೇರಿಂಗ್ ಹಿಡಿದು ಕಡ್ಲೆ ತಿನ್ನುವ ಅಭ್ಯಾಸ, ಕೈ ತಾನಾಗಿ ಬಾಯಿಗೆ ಹೋಗಿತ್ತು. ಕಿವಿಯವರೆಗೂ ಕೆಂಪಾದ. ನಾನು ಕಟ್ಟಳೆಯ ಪ್ರಕಾರ ಅವನ ಬಾಯಿ ಮುಚ್ಚಿಸಿದೆ. ಇನ್ನು ಅವನು ಸುಲಿಯಬಹುದು, ಒಂದು ಮಾತೂ ಆಡುವಂತಿಲ್ಲ. ಶಿರೀಷಾ ಮಾತಾಡಲು ನೋಡಿದಳು, ಗಂಟಲಿನಿಂದ ಗಾಳಿ ಬಂತು ಅಷ್ಟೇ. ಅವಳು ತಲೆಯಾಡಿಸಿ ಕಾಯಿಯನ್ನು ಇನ್ನೂ ಬಿರುಸಾಗಿ ಒಡೆಯತೊಡಗಿದಳು.

ಹರಿತಾ ಒಬ್ಬಳೇ ಉಳಿದಳು. ಆಗಲೇ ಹಾಡು ಮುಗಿದಿತ್ತು, ಪಾಠದಲ್ಲಿ ಓದಿದ್ದೂ ಮುಗಿದಿತ್ತು. "ಆಮೇಲೆ... ಆಮೇಲೆ ಏನಂದ್ರೆ..." ಎಂದು ಎಳೆಯುತ್ತಿದ್ದಳು. ನನ್ನ ಸೌಟು ತಾನಾಗಿ ಮೇಲೆದ್ದಿತು. ಅವಳು ತಲೆಯೆತ್ತಿ ಜನರ ನಡುವೆ ತನ್ನ ಅಜ್ಜಿಯನ್ನು ಹುಡುಕಿದಳು. ಪಂಪಮ್ಮ ಏನನ್ನೂ ಹೇಳುವ ಹಾಗಿರಲಿಲ್ಲ. ಸುಮ್ಮನೆ ತನ್ನ ಸೆರಗಿನ ತುದಿಯನ್ನು ಹಿಡಿದು ಎತ್ತಿ ತೋರಿಸಿದಳು.

ಹರಿತಾಳ ಮುಖ ಅರಳಿತು.

"ಆಮೇಲೆ ಏನಂದ್ರೆ, ನಮ್ಮಜ್ಜಿ ಸೆರಗಿನ ಕತೆ ಹೇಳ್ತೀನಿ," ಎಂದಳು. "ಆಗ ನಮ್ಮಜ್ಜಿ ನನಗಿಂತ ಚಿಕ್ಕೋಳು. ಶಿವಯೋಗಪ್ಪನೋರ ಮನೇಲಿ ಸುಲಿತ. ಗಂಡಸ್ರೆಲ್ಲ ಹೊಲದಾಗೆ, ಇಲ್ಲಿ ಬರೀ ಹುಡ್ಗೀರು. ಯಜಮಾನ್ರು ರಾಶಿ ಪಕ್ಕದಾಗೇ ಮಣೆ ಹಾಕ್ಕೊಂಡು ಕೂತವ್ರೆ. ಎಲ್ರೂ ಹಾಡ್ರಮ್ಮ, ಬಾಯಿ ನಿಲ್ಲಿಸ್ಬ್ಯಾಡಿ, ನಿಲ್ಲಿಸಿದ್ರೆ ಬೀಜ ತಿಂತೀರ ಅಂದ್ರು. ಎಲ್ರೂ ಹಾಡಿದ್ರು. ಹಾಡಿ ಹಾಡಿ ಗಂಟ್ಲು ಒಣಗಿ ಹೋಯ್ತು. ನಮ್ಮಜ್ಜಿ ಹಾಡು ನಿಲ್ಸಿ ಯಜಮಾನ್ರನ್ನೇ ನೋಡಿ ಕೇಳಿದ್ಲು: ಅಯ್ಯಾ, ಆಗ್ಲಿಂದ ನೋಡ್ತಾ ಇದೀನಿ, ನೀವೂ ರಾಶಿ ಮುಂದೇ ಕೂತಿದ್ದೀರ, ನಿಮ್ಮ ಬಾಯಿ ಮುಚ್ಚೇ ಐತೆ. ನೀವೇನ್ ತಿಂತಾ ಇದೀರ?"

ಅಂಗಳ ನಕ್ಕಿತು. ಬಿಸಿಲಿನ ಚಾಪೆಯಲ್ಲೂ ನಕ್ಕರು. ಕೇಶವನ ರೇಷ್ಮೆಹುಳ ಆಸ್ಪತ್ರೆಯಲ್ಲೇ ಉಳಿಯಿತು, ಆದರೆ ರಘುನಾಥ ಹೇಗೋ ಎರಡು ಸ್ಟಾಪು ಕೂಗಿ ಮಾತು ಉಳಿಸಿದ.

ನನಗೆ ಆ ನಡುಮನೆ ಕಣ್ಣಿಗೆ ಕಟ್ಟಿತು. ನಾನೂ ಅಲ್ಲೇ ಇದ್ದೆ. ಪಂಪಮ್ಮನ ಮಾತು ಕೇಳಿ ನಮ್ಮೆಲ್ಲರ ಕೈ ನಿಂತುಹೋಗಿತ್ತು. ಅಪ್ಪನ ಎದುರು ಯಾರೂ ಹಾಗೆ ಮಾತಾಡಿದ್ದಿಲ್ಲ.

"ಯಜಮಾನ್ರು ಎದ್ದು ನಿಂತ್ರಂತೆ," ಹರಿತಾ ದನಿ ತಗ್ಗಿಸಿದಳು, ಬೆರಳು ತಗ್ಗಿಸಲಿಲ್ಲ. "ಎಲ್ರಿಗೂ ಜೀವ ಹೋಯ್ತು. ಅವ್ರು ಪಂಚೆ ಕೊಡವ್ಕೊಂಡು, ಮಣೆ ಅತ್ತ ತಳ್ಳಿ, ಚಾಪೆ ಮೇಲೇ ಕೂತು, ನಂಗೆ ಹಾಡು ಬರಲ್ಲ ಕಣಮ್ಮ, ಬರೋದು ಹೇಳ್ತೀನಿ ಅಂದ್ರು. ಅಂದ್ಬುಟ್ಟು ಮಗ್ಗಿ ಹೇಳಕ್ಕೆ ಶುರು ಮಾಡಿದ್ರು! ಎರಡೊಂದ್ಲಿ ಎರಡು, ಎರಡೆರಡ್ಲಿ ನಾಕು... ವ್ಯಾಪಾರದೋರಿಗೆ ಇನ್ನೇನು ಬತ್ತದೆ? ಹುಡ್ಗೀರೆಲ್ಲ ಹಿಂದಿಂದೆ ಹೇಳಿದ್ರು. ಇಸ್ಕೂಲ್ ಮುಖ ನೋಡ್ದೇ ಇರೋ ನಮ್ಮಜ್ಜಿ ಇವತ್ತಿಗೂ ಹದ್ನಾರರ ಮಗ್ಗಿ ಗಡಗಡ ಹೇಳ್ತಾಳೆ. ನಮ್ಮ ಸಂಘದ ಮೊದಲ್ನೇ ಪಾಠ ಅದೇ. ಆಮೇಲೆ ಹೊತ್ತು ಮುಳುಗ್ತು, ಎಲ್ರೂ ಎದ್ರು. ನಮ್ಮಜ್ಜಿ ಬಾಗ್ಲು ದಾಟೋವಾಗ ಯಜಮಾನ್ರು ಕೂಗಿದ್ರು..."

"ಆಮೇಲೆ?" ಎಂದ ರಘುನಾಥ.

"ಸೆರಗು ಹಿಡಿಯಮ್ಮ ಅಂದ್ರು. ಹಿಡಿದ್ಲು. ಬೊಗಸೆ ತುಂಬ ಬಿಸಿಬಿಸಿ ಹುರಿದ ಕಡ್ಲೆಬೀಜ ಹಾಕಿದ್ರು. ಇದು ಹುರಿದಿದ್ದು, ಬಿತ್ತಕ್ಕೆ ಬರಲ್ಲ, ತಿನ್ನಕ್ಕೇ, ನಿನ್ನ ತಮ್ಮಂಗೂ ಕೊಡು, ಯಾರಿಗೂ ಹೇಳ್ಬ್ಯಾಡ ಅಂದ್ರು. ಸುಲಿತ ಮುಗಿಯೋವರ್ಗೂ ದಿನಾ ಹಂಗೇ. ಒಬ್ಬೊಬ್ಬರನ್ನೇ ಬಾಗ್ಲತ್ರ ನಿಲ್ಸಿ, ಒಬ್ಬರಿಗೆ ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಾಗ್ದಂಗೆ..."

ಇದು ನನಗೆ ಗೊತ್ತಿರಲಿಲ್ಲ. ಆ ಬೇಸಿಗೆಯುದ್ದಕ್ಕೂ ಸಂಜೆ ನಮ್ಮ ಅಡುಗೆಮನೆಯಿಂದ ಹುರಿದ ಕಡ್ಲೆಯ ವಾಸನೆ ಬರುತ್ತಿತ್ತು. ಯಾರಿಗಮ್ಮ ಎಂದರೆ ಅಮ್ಮ, ನಿಮ್ಮಪ್ಪಂಗೆ ಎನ್ನುತ್ತಿದ್ದಳು. ಅಪ್ಪನಿಗೆ ಹಲ್ಲು ನೋವು, ಇಷ್ಟು ಕಡ್ಲೆ ಹೇಗೆ ತಿನ್ನುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅದೇ ವಾಸನೆ ಈಗ ಹೊಂಗೆಮರದ ಕೆಳಗೆ ಬಂದ ಹಾಗಾಯಿತು. ಸೌಟು ಗಾಳಿಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಹರಿತಾಳ ದನಿ ಒಂದನ್ನು ಬಿಟ್ಟು ಅಂಗಳದಲ್ಲಿ ಇನ್ನೇನೂ ಕೇಳುತ್ತಿರಲಿಲ್ಲ.

"ದೊಡ್ಡಮ್ಮ." ಹೇಮಾವತಿಯ ದನಿ. "ದೊಡ್ಡಮ್ಮ, ತಟ್ಟೆ ಬಡೀರಿ."

"ಯಾಕೆ? ಅವ್ಳು ಮಾತಾಡ್ತಾನೇ ಅವ್ಳಲ್ಲ!"

"ಅವ್ಳದ್ದಲ್ಲ. ನಮ್ದು. ನಮ್ಮ ಚಾಪೆ ಆಗ್ಲೇ ನಿಂತೋಯ್ತು."

ತಿರುಗಿ ನೋಡಿದೆ. ರಘುನಾಥ ಕೈಯಲ್ಲಿ ಒಂದು ಕಾಯಿ ಹಿಡಿದು ಬಾಯಿ ತೆರೆದುಕೊಂಡು ಕೂತಿದ್ದ. 'ಆಮೇಲೆ' ಎಂದವನು ಉತ್ತರಕ್ಕೆ ಕಾಯುತ್ತ ಹಾಗೇ ಉಳಿದಿದ್ದ. ಕೇಶವ ಗಲ್ಲದ ಮೇಲೆ ಕೈಯಿಟ್ಟಿದ್ದ. ಹೇಮಾವತಿ ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಹಾಡು ಎತ್ತಿಬಿಟ್ಟಿದ್ದರೆ ಅವರ ಮಾತು ಮುರಿದದ್ದು ಹಾಗೇ ಮುಚ್ಚಿಹೋಗುತ್ತಿತ್ತು.

"ಏನೇ ಹೇಮಾ, ನೀನು ಯಾರ ಕಡೆಯೋಳು?" ಎಂದು ಕೇಶವ ರೇಗಿದ.

"ನಿಂತಿದ್ದು ನಿಂತಿದ್ದೇ ಅಲ್ವೇನಣ್ಣ? ನಮ್ಮೂರಾಗೆ ನಂಗೆ ಚಾಪೆ ಮೇಲೆ ಜಾಗ ಐತೆ. ಅವ್ಳಿಗೆ ಬೇಡ್ವಾ?"

ಕೇಶವ ಒಂದು ಗಳಿಗೆ ಅವಳನ್ನು ನೋಡಿದ, ಹರಿತಾಳನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಬಡೀರಿ ದೊಡ್ಡಮ್ಮ, ಇನ್ನೇನು ಮತ್ತೆ!" ಎಂದ.

ಬಡಿದೆ ನೋಡಿ! ತಟ್ಟೆಯ ಅಂಚು ಬಗ್ಗಿಹೋಯಿತು. ಶಿರೀಷಾ ಇಲ್ಲದ ಗಂಟಲಿನಲ್ಲೇ ಕಿರುಚಿದಳು. ಪಂಪಮ್ಮ ಬಂದು ನನ್ನನ್ನು ತಬ್ಬಿಕೊಂಡಳು, ಸೌಟು ನಮ್ಮಿಬ್ಬರ ನಡುವೆ ಚುಚ್ಚಿತು. ಹರಿತಾ ಮಾತ್ರ ಕತೆಯನ್ನು ಅಲ್ಲಿಗೇ ಬಿಟ್ಟು, ಬೆರಳಿನ ಪಟ್ಟಿ ಬಿಚ್ಚುತ್ತ ಕೂತಳು.

"ತಟ್ಟೆ ಇರ್ಲಿ ಬಿಡಮ್ಮ," ಎಂದು ರಘುನಾಥ ಗೋಗರೆದ, "ಕತೆ ಮುಗ್ಸು! ಸಂಘಕ್ಕೆ ಗಂಡುಡುಗ್ರು ಯಾವಾಗ ಬಂದ್ರು?"

"ಗಂಟೆ ಕೊಡಿ, ಹೇಳ್ತೀನಿ."

ಕೇಶವನೇ ಏಣಿ ಹತ್ತಿ ತೊಲೆಯಿಂದ ಗಂಟೆ ಬಿಚ್ಚಿದ. ಧೂಳು ಒರೆಸಿ, ತನ್ನ ಹೆಗಲ ಟವೆಲ್ಲಿನಲ್ಲಿ ಸುತ್ತಿ ಅವಳ ಮಡಿಲಲ್ಲಿಟ್ಟ. ಟವೆಲ್ಲು ವಾಪಸ್ ಬೇಡ ಎಂದ. ಹರಿತಾ ಗಂಟೆಯ ಮೇಲೆ ಕೈಯಿಟ್ಟುಕೊಂಡು ಮಿಕ್ಕದ್ದನ್ನು ಹೇಳಿದಳು. ಹೊಲದಿಂದ ಬಂದ ಹುಡುಗರು ನಗು ಕೇಳಿ ಕೇಳಿ ಹೊಸ್ತಿಲ ಹೊರಗೆ ನಿಲ್ಲುತ್ತಿದ್ದರಂತೆ. ಎಷ್ಟೋ ದಿನ ಹಾಗೇ ನಿಂತು, ಕೊನೆಗೆ ಒಬ್ಬ, ನಾವೂ ಕೂತ್ಕೋಬೋದಾ ಎಂದು ಕೇಳಿದನಂತೆ. ಹುಡುಗಿಯರು ಗುಸುಗುಸು ಮಾತಾಡಿಕೊಂಡು, ಕೈಕಾಲು ತೊಳೆದು ಬಂದರೆ ಕೂರಬಹುದು ಎಂದರಂತೆ. ಹಾಗೆ ಕೇಳಿದವನು ನನ್ನ ಅಣ್ಣ. ಅದು ನಿಜ, ನಾನು ಸಾಕ್ಷಿ. ಅವನು ಕಾಲು ತೊಳೆಯಲು ಓಡಿದ ಓಟ ನನಗೆ ಇನ್ನೂ ನೆನಪಿದೆ.

ನಟರಾಜ ತಲೆಯೆತ್ತಲಿಲ್ಲ. ಪಂದ್ಯ ಮುಗಿದಿದ್ದರೂ ಅವನೊಬ್ಬನೇ ಉಳಿದ ಕಾಯಿಗಳನ್ನು ಸುಲಿಯುತ್ತಿದ್ದ. ಹುರಿದ ಕಡ್ಲೆ ಕೊಟ್ಟವರು ಅವನ ಮುತ್ತಾತ, ಕಾಲು ತೊಳೆದು ಬಂದವನು ಅವನ ತಾತ.

ನಾನೂ ಅವರ ಜೀಪಿನಲ್ಲೇ ಹುಣಿಸೆಹಟ್ಟಿಗೆ ಹೊರಟೆ. ಗಂಟೆ ಕೊಕ್ಕೆಗೆ ಬೀಳುವುದನ್ನು ನೋಡದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಹೇಮಾವತಿ ನನ್ನ ಔಷಧಿ, ಸೀರೆ, ಜೊತೆಗೆ ಒಂದು ಬಾಟಲಿ ಹೊಸ ಉಪ್ಪಿನಕಾಯಿ ಚೀಲಕ್ಕೆ ತುಂಬಿಕೊಟ್ಟಳು. ದಾರಿಯುದ್ದಕ್ಕೂ ಹಳ್ಳ ಬಂದಾಗಲೆಲ್ಲ ಹರಿತಾಳ ಮಡಿಲಲ್ಲಿ ಗಂಟೆ ಢಣ್ ಎನ್ನುತ್ತಿತ್ತು, ನಾವೆಲ್ಲ ಹೋ ಎನ್ನುತ್ತಿದ್ದೆವು. ನಟರಾಜ ಮಾತ್ರ ತುಟಿ ಬಿಚ್ಚಲಿಲ್ಲ. ಆದಷ್ಟೂ ಹಳ್ಳಗಳನ್ನು ತಪ್ಪಿಸಿ ತಪ್ಪಿಸಿ ಓಡಿಸಿದ, ನನ್ನ ಸೊಂಟಕ್ಕೆಂದು.

ಹುಣಿಸೆಹಟ್ಟಿ ತಲುಪಿದಾಗ ಇನ್ನೂ ಬೆಳಕಿತ್ತು. ಸಂಘದ ಮನೆಯ ಮುಂದೆ ಕ್ರಿಕೆಟ್ ಹುಡುಗರು ಕಾಯುತ್ತಿದ್ದರು. ಗಂಟೆಯ ಸದ್ದು ಕೇಳಿ ಮನೆಗಳಿಂದ ಹೆಂಗಸರು ಆಚೆ ಬಂದರು. ಕಲ್ಯಾಣಿ ಜ್ವರದಲ್ಲೇ ಕಂಬಳಿ ಹೊದ್ದು ಬಂದಿದ್ದಳು. ಹರಿತಾ ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲಿಲ್ಲ. ಎಲ್ಲರೂ ನಟರಾಜನನ್ನೇ ನೋಡಿದರು. ಅವನು ಜೇಬಿನಲ್ಲಿ ಕೈಯಿಟ್ಟು ನಿಂತಿದ್ದ.

"ಏನಪ್ಪಾ," ಎಂದಳು ಪಂಪಮ್ಮ, "ಆಗ್ಲಿಂದ ಬಾಯಿ ಮುಚ್ಕೊಂಡೇ ಇದೀಯಲ್ಲ. ಏನ್ ತಿಂತಾ ಇದೀಯ?"

ನಟರಾಜ ಜೋರಾಗಿ ನಕ್ಕುಬಿಟ್ಟ. ದಿನವೆಲ್ಲ ಒಳಗೆ ಕಟ್ಟಿಟ್ಟಿದ್ದ ನಗು ಅದು. ಬಾಯಿ ಆ ಎಂದು ತೆರೆದು ಎಲ್ಲರಿಗೂ ತೋರಿಸಿದ, ಖಾಲಿ. ಜೇಬಿನಿಂದ ಬೀಗದ ಕೈ ತೆಗೆದು ಹರಿತಾಳ ಕೈಗೆ ಕೊಟ್ಟ. ಒಳಗೆ ಹೋಗಿ ಕೊಕ್ಕೆಯಿಂದ ಬ್ಯಾಟಿನ ಚೀಲ ಇಳಿಸಿ ಮೂಲೆಗಿಟ್ಟ.

"ಬಾರಮ್ಮ," ಎಂದ. "ನೀನೇ ತಗಲಾಕು. ನಂಗೆ ಎಟುಕ್ತದೆ, ಆದ್ರೂ ನೀನೇ ಹಾಕು. ಬೆಂಚು ಹಿಡ್ಕೊತೀನಿ."

ಅವನು ಬೆಂಚು ಹಿಡಿದ. ಹರಿತಾ ಹತ್ತಿ ಗಂಟೆ ತೂಗುಹಾಕಿ, ಹಗ್ಗ ಹಿಡಿದು ಎಳೆದಳು. ಆ ನಾದ ಕೇಳಿ ಎಷ್ಟು ಕಾಲವಾಗಿತ್ತು! ಪಕ್ಕದ ಬೀದಿಯಿಂದ ಒಬ್ಬಳು ಮುದುಕಿ ಮೊರ ಹಿಡಿದುಕೊಂಡೇ ಓಡೋಡಿ ಬಂದಳು.

"ಯಾರ ಮನೇಲೇ ಸುಲಿತ?"

ಹರಿತಾ ನಟರಾಜನನ್ನು ನೋಡಿದಳು.

"ನಮ್ಮನೇಲಿ," ಎಂದ ಅವನು. "ನಾಳೆ. ಎಲ್ರೂ ಬನ್ನಿ. ನಮ್ಮಮ್ಮಂಗೆ ಈಗ್ಲೇ ಹೇಳ್ಬೇಕು, ಕಡ್ಲೆ ಹುರಿಯಕ್ಕೆ."